ಸಮುದಾಯ ಭವನಕ್ಕೆ ಎಮರ್ಜೆನ್ಸಿ ಪ್ಲಾನ್ ಬರೀಬೇಕಂತೆ, ಎಲ್ಲಿಂದ ಶುರು ಮಾಡ್ಲಿ?

ಇಂಬಳದಕ್ಕ:

ಎಲ್ರಿಗೂ ನಮಸ್ಕಾರ. ನಾನು ಹೊಸನಗರ ಸೈಡಿನ ಒಂದು ಹಳ್ಳೀಲಿ ಅರಿವು ಕೇಂದ್ರ ನೋಡ್ಕೊಳ್ತೀನಿ, ಅಂದ್ರೆ ಮೊದಲಿನ ಪಂಚಾಯ್ತಿ ಲೈಬ್ರರಿ. ಅದು ಇರೋದು ಸಮುದಾಯ ಭವನದ ಮಾಳಿಗೆ ಮೇಲೆ. ಈಗ ಮೇಲಿಂದ ಒಂದು ಲೆಟರ್ ಬಂದಿದೆ, ಮಳೆಗಾಲ ಹಿಡಿಯೋದ್ರೊಳಗೆ ಕಟ್ಟಡಕ್ಕೆ ತುರ್ತು ನಿರ್ವಹಣಾ ಯೋಜನೆ ಮಾಡಿ ಕೊಡಿ ಅಂತ, ಕಂಪ್ಯೂಟರ್ ಬರೋದು ಇವಳಿಗೆ ಅಂತ ಆ ಲೆಟರ್ ಕೈಯಿಂದ ಕೈಗೆ ದಾಟಿ ದಾಟಿ ನನ್ನ ಟೇಬಲ್ ಮೇಲೆ ಬಂದು ಕೂತಿದೆ. ಯಾರೋ ಪುಣ್ಯಾತ್ಮರು ಸ್ಯಾಂಪಲ್ ಅಂತ 40 ಪೇಜಿನ ಫೈಲ್ ಕಳಿಸಿದ್ರು, ಅದ್ರಲ್ಲಿ ಲಿಫ್ಟ್ ಒಳಗೆ ಸಿಕ್ಕಿಬಿದ್ರೆ ಏನು ಮಾಡ್ಬೇಕು, ಬೇಸ್‌ಮೆಂಟ್ ಪಾರ್ಕಿಂಗ್ ಖಾಲಿ ಮಾಡ್ಸೋದು ಹೆಂಗೆ ಅಂತೆಲ್ಲ ಇದೆ. ನಮ್ಮಲ್ಲಿ ಲಿಫ್ಟೂ ಇಲ್ಲ ಬೇಸ್‌ಮೆಂಟೂ ಇಲ್ಲ. ಹಾವು ಬಂದ್ರೆ ಎಂತ ಮಾಡ್ಬೇಕು ಅಂತ ಒಂದು ಸಾಲಿಲ್ಲ.

ಕಟ್ಟಡ ಹೆಂಗಿದೆ ಹೇಳ್ತೀನಿ. ಕೆಳಗೆ 60ಕ್ಕೆ 30 ಅಡಿ ಹಾಲು, ಒಂದು ಕಡೆ ಸ್ಟೇಜು, ಹಿಂದೆ ಅಡುಗೆಮನೆ. ಮೇಲೆ ನಮ್ಮ ಲೈಬ್ರರಿ, ಪಕ್ಕದಲ್ಲಿ ಪಂಚಾಯ್ತಿ ಹಳೇ ರಿಜಿಸ್ಟರ್ ತುಂಬಿದ ಸ್ಟೋರ್ ರೂಮು, ಅದರ ಮೇಲೆ ಶೀಟು. ಮುಂದೆ ಒಂದು ದೊಡ್ಡ ಬಾಗಿಲು, ಅದಕ್ಕೆ ಚಾನೆಲ್ ಗೇಟು. ಸೈಡಲ್ಲಿ ಇನ್ನೊಂದು ಬಾಗಿಲು ಇದೆ, ಅದರ ಮುಂದೆ ಯಾವಾಗ್ಲೂ ಕುರ್ಚಿ ಪೇರಿಸಿಟ್ಟಿರ್ತಾರೆ. ಹಿಂದುಗಡೆ ಜೆಸಿಬೀಲಿ ಗುಡ್ಡ ಕಡಿದು ಜಾಗ ಮಟ್ಟ ಮಾಡಿದ್ದು, ಹಂಗಾಗಿ ಅಡುಗೆಮನೆ ಗೋಡೆಯಿಂದ ಎಂಟು ಹತ್ತು ಅಡಿಗೇ ಧರೆ, ಅಂದ್ರೆ ಕಡಿದು ನಿಂತ ಮಣ್ಣಿನ ಗೋಡೆ, ಶುರು, ಎರಡಾಳಿಗಿಂತ ಎತ್ತರ, ತುದೀಲಿ ನಾಲ್ಕೈದು ಅಕೇಶಿಯಾ ಮರ ಬಗ್ಗಿಕೊಂಡಿವೆ. ಮುಂದೆ ರಸ್ತೆ, ರಸ್ತೆ ಆಚೆ ಹಳ್ಳ. ಮದುವೆ, ಗ್ರಾಮಸಭೆ, ಯಕ್ಷಗಾನ, ಓಟಿನ ಬೂತು, ಲಸಿಕೆ ಎಲ್ಲಾ ಇಲ್ಲೇ. ಇದು ಸಾಲ್ದು ಅಂತ ಮಳೆಗಾಲದ ಕಾಳಜಿ ಕೇಂದ್ರ, ಅಂದ್ರೆ ಮನೆ ಬಿಟ್ಟು ಬಂದೋರನ್ನ ಇಳಿಸೋ ಜಾಗ, ಅದರ ಲಿಸ್ಟಲ್ಲೂ ಇದೇ ಕಟ್ಟಡ ಇದೆ, ಸಾಮರ್ಥ್ಯ 200 ಜನ ಅಂತ ಬರೆದಿದ್ದಾರೆ, ಎಲ್ಲಿಂದ ತಂದ್ರೋ ಆ 200ನ.

ನಂಗೆ ನಿಜವಾಗ್ಲೂ ಭಯ ಆಗಿದ್ದು ಹೋದ ವರ್ಷದ ಒಂದು ಮದುವೇಲಿ. ಸ್ಟೇಜ್ ಹಿಂದೆ ವೈರ್ ಸುಟ್ಟು ಹೊಗೆ ಬಂತು, ಬೆಂಕಿ ಅಂತ ಹೇಳೋವಷ್ಟೂ ಇರ್ಲಿಲ್ಲ, ಆದ್ರೆ ಯಾರೋ ಕೂಗಿದ್ದೇ ತಡ ಎಲ್ಲಾ ಎದ್ದು ಮುಂದಿನ ಬಾಗಿಲಿಗೆ ನುಗ್ಗಿದ್ರು. ಚಾನೆಲ್ ಗೇಟು ಅರ್ಧ ಎಳೆದು ಸರಪಳಿ ಹಾಕಿ ಬೀಗ ಹಾಕಿತ್ತು, ದನ ನುಗ್ತಾವೆ ಅಂತ. ಕೀ ಇದ್ದ ಮನುಷ್ಯ ಊಟ ಮಾಡಿ ಮನೆಗೆ ಹೋಗಿದ್ದ. ಒಬ್ಬರು ಅಜ್ಜಿ ಬಿದ್ದು ಕೈ ಮುರ್ಕೊಂಡ್ರು, ಅಷ್ಟಕ್ಕೇ ಮುಗೀತು ನಮ್ಮ ಪುಣ್ಯ. ಆ ಸರಪಳಿ ಇವತ್ತಿಗೂ ಅಲ್ಲೇ ನೇತಾಡ್ತಿದೆ.

ಸುಮ್ನೆ ಫೈಲಿಗೆ ಅಂತ ಬರೆಯೋಕೆ ಮನಸ್ಸಿಲ್ಲ. ಇದರಲ್ಲಿ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ ಹೇಳಿ, ಮೊದಲು ಎಂತ ಬರೀಲಿ?

ಕೆಂಪುಗಾಡಿ:

ಅಕ್ಕ, ನಾನು ಅಗ್ನಿಶಾಮಕದಲ್ಲಿ ಸರ್ವೀಸ್ ಮುಗಿಸಿ ಈಗ ತೀರ್ಥಹಳ್ಳಿ ಹತ್ರ ತೋಟ ನೋಡ್ಕೊಂಡಿರೋನು. ನೀವು ಬರೆಯೋ ಮೊದಲು ಒಂದು ಕೆಲಸ ಮಾಡಿ, ಆ ಸರಪಳಿ ಬಿಚ್ಚಿ ಹಳ್ಳಕ್ಕೆ ಎಸೀರಿ. ತಮಾಷೆ ಅಲ್ಲ. 2010ರ ಫೆಬ್ರವರೀಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ರಲ್ಲ, ಅಲ್ಲಿ ಬೆಂಕಿಗಿಂತ ಹೊಗೆ ಜನರನ್ನ ತಿಂತು, ಹೊಗೆ ತಾಳಲಾರದೆ ಮೇಲಿಂದ ಹಾರಿದೋರಿದ್ರು, ಆಚೆ ಹೋಗೋ ದಾರಿಗೆ ಬೀಗ ಇತ್ತು ಅಂತ ಆಗ ಎಲ್ಲಾ ಪೇಪರಲ್ಲೂ ಬಂದಿತ್ತು. ಅದು ದೊಡ್ಡ ಸಿಟಿ, ದೊಡ್ಡ ಬಿಲ್ಡಿಂಗು. ನಿಮ್ಮ ಹಾಲಿನ ಮದುವೇಲಿ ನಡೆದಿದ್ದೂ ಅದೇ ಕಥೆ, ಹೊಗೆ ಕಮ್ಮಿ ಇತ್ತು ಅಷ್ಟೇ.

ಜನ ಸೇರೋ ಕಟ್ಟಡದ ಬಾಗಿಲು ಹೊರಗಡೆಗೆ ತೆರೀಬೇಕು, ನ್ಯಾಷನಲ್ ಬಿಲ್ಡಿಂಗ್ ಕೋಡಲ್ಲೇ ಇದೆ. ಅಂಥ ಕಟ್ಟಡಕ್ಕೆ ಹೊರಹೋಗೋ ಬಾಗಿಲು 2 ಮೀಟರ್ ಅಗಲ ಇರ್ಬೇಕು ಅಂತಾನೂ ಇದೆ. ನಮ್ಮ ಕಡೆ ಬಾಗಿಲು ಒಳಗೆ ತೆರೆಯೋದು ಯಾಕೆ ಅಂದ್ರೆ ಹೊರಗೆ ತೆರೆದ್ರೆ ಮಳೆ ನೀರು ಬಡಿದು ಮರ ಉಬ್ಬುತ್ತೆ ಅಂತ. ಸರಿ, ಆದ್ರೆ ಒಳಗೆ ತೆರೆಯೋ ಬಾಗಿಲಿಗೆ ಐವತ್ತು ಜನ ಒಟ್ಟಿಗೆ ಬಂದು ಒತ್ತಿದ್ರೆ ದೇವರು ಬಂದ್ರೂ ತೆಗೆಯೋಕೆ ಆಗಲ್ಲ. ಮೇಲೆ ಒಂದು ಸಣ್ಣ ಶೀಟ್ ಇಳಿಸಿ, ಬಾಗಿಲು ತಿರುಗಿಸಿ ಕೂರಿಸಿ. ಕುರ್ಚಿ ಪೇರಿಸಿರೋ ಸೈಡ್ ಬಾಗಿಲು ಇದೆಯಲ್ಲ, ಅದನ್ನ ಮೊದಲು ಖಾಲಿ ಮಾಡ್ಸಿ, ನೆಲಕ್ಕೆ ಹಳದಿ ಪೇಂಟ್ ಹೊಡ್ಸಿ, ಆ ಹಳದಿ ಮೇಲೆ ಏನೂ ಇಡಂಗಿಲ್ಲ ಅಂತ.

ಫೈರ್ ಎಕ್ಸ್‌ಟಿಂಗ್ವಿಷರ್, ಅಂದ್ರೆ ಬೆಂಕಿ ಆರಿಸೋ ಸಿಲಿಂಡರ್, ಇದ್ಯಾ ನಿಮ್ಮಲ್ಲಿ? ಇದ್ರೆ ಮೀಟರಿನ ಮುಳ್ಳು ಹಸಿರಲ್ಲಿದೆಯಾ ನೋಡಿ. ಹಾಲಿಗೆ ಮರ, ಎಣ್ಣೆ, ಗ್ಯಾಸ್ ಮೂರೂ ಥರದ ಬೆಂಕಿಗಾಗೋ ಎಬಿಸಿ ಪುಡಿಯದ್ದು ಸಾಕು, ಎಲ್ಲೇ ನಿಂತ್ರೂ 15 ಮೀಟರ್ ಒಳಗೆ ಒಂದು ಸಿಗ್ಬೇಕು. ಮೈನ್ ಬೋರ್ಡ್ ಹತ್ರ ಸಿಒಟು, ಅಂದ್ರೆ ಕಾರ್ಬನ್ ಡೈಆಕ್ಸೈಡ್ ತುಂಬಿದ್ದು, ಇಡಿ, ಅದಕ್ಕೆ ಮೀಟರ್ ಇರಲ್ಲ, ತೂಕ ಹಾಕೇ ನೋಡ್ಬೇಕು. ನಮ್ಮ ಮಲ್ನಾಡ ಥಂಡೀಲಿ ಸಿಲಿಂಡರ್ ತಳ ತುಕ್ಕು ಹಿಡಿಯುತ್ತೆ, ನೆಲದ ಮೇಲೆ ಇಡಬೇಡಿ, ಗೋಡೆಗೆ ನೇತು ಹಾಕಿ. ಆರು ಕೇಜಿದು ಪೂರ್ತಿ ಬಿಟ್ರೂ ಇಪ್ಪತ್ತು ಸೆಕೆಂಡು ಬಂದ್ರೆ ಹೆಚ್ಚು, ಹಾಗಾಗಿ ಉರಿ ತುದಿಗೆ ಅಲ್ಲ ಬುಡಕ್ಕೆ ಹೊಡೀಬೇಕು, ಬಾಗಿಲಿಗೆ ಬೆನ್ನು ಮಾಡಿ ನಿಂತು ಹೊಡೀಬೇಕು, ಆರದೇ ಇದ್ರೆ ಹಂಗೇ ಹಿಂದೆ ಸರಿದು ಆಚೆ ಹೋಗ್ಬೇಕು. ಊರಲ್ಲಿ ಒಂದಿಬ್ಬರಿಗಾದ್ರೂ ಒಂದ್ಸಲ ಪಿನ್ ಕಿತ್ತು ಹೊಡೆದ ಅನುಭವ ಇರ್ಲಿ, ಗೋಡೆ ಮೇಲಿರೋದನ್ನ ಜಾತ್ರೆ ತೇರು ನೋಡಿದಂಗೆ ನೋಡ್ತಿದ್ರೆ ಪ್ರಯೋಜನ ಇಲ್ಲ.

ಅಡುಗೆಮನೆ ಇನ್ನೊಂದು ಕಥೆ. ಗ್ಯಾಸು ಗಾಳಿಗಿಂತ ಭಾರ, ಲೀಕಾದ್ರೆ ನೆಲದ ಮೇಲೆ ಹರಡಿಕೊಂಡು ಕೂರುತ್ತೆ, ಮೇಲಿನ ಕಿಟಕಿ ತೆಗೆದ್ರೆ ಹೋಗಲ್ಲ, ಬಾಗಿಲು ತೆಗೀಬೇಕು. ವಾಸನೆ ಬಂದಾಗ ಸ್ವಿಚ್ ಹಾಕೋದೂ ಬೇಡ ಆರಿಸೋದೂ ಬೇಡ. ಮದುವೆ ಅಡುಗೆಯೋರು ಸಾಲಾಗಿ ಆರೇಳು ಸಿಲಿಂಡರ್ ಒಳಗಿಡ್ತಾರೆ, ಒಲೆಗೆ ಹಾಕಿರೋದು ಬಿಟ್ಟು ಉಳಿದಿದ್ದು ಹೊರಗೆ ನೆರಳಲ್ಲಿರ್ಲಿ. ಜನರೇಟರ್ ಅಂತೂ ಕಟ್ಟಡದ ಒಳಗೆ ಬೇಡವೇ ಬೇಡ, ಮಳೆ ಅಂತ ಜಗಲೀಲಿಟ್ಟು ಬಾಗಿಲು ಹಾಕ್ಕೊಂಡ್ರೆ ಅದರ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ ವಾಸನೇನೇ ಇಲ್ದೆ ಕೊಲ್ಲುತ್ತೆ.

ಕೊನೇದು, 112ಕ್ಕೋ 101ಕ್ಕೋ ಫೋನ್ ಮಾಡಿದ ತಕ್ಷಣ ನಮ್ಮ ಗಾಡಿ ಹೊರಡುತ್ತೆ, ಆದ್ರೆ ಮಳೆಗಾಲದಲ್ಲಿ ನಿಮ್ಮೂರಿಗೆ ತಾಲೂಕು ಸ್ಟೇಷನ್ನಿಂದ ಎಷ್ಟು ಹೊತ್ತು ಬೇಕು ನಿಮಗೇ ಗೊತ್ತು. ನಡುವೆ ಒಂದು ಮರ ಬಿದ್ದಿದ್ರೆ ಮುಗೀತು. ಹಾಗಾಗಿ ನಿಮ್ಮ ಪ್ಲಾನಲ್ಲಿ ಮೊದಲ ಅರ್ಧ ಗಂಟೆ ಊರೋರದ್ದು ಅಂತ ಬರ್ಕೊಳ್ಳಿ.

ಅಡಿಕೆಸಿಪ್ಪೆ:

ನನ್ನ ಪ್ರಕಾರ ಬೆಂಕಿ ಎರಡನೇದು. ನೀವು ಬರೆದಿದ್ರಲ್ಲಿ ನಂಗೆ ಎದೆ ಝಲ್ ಅಂದಿದ್ದು ಆ ಧರೆ. ನಾನು ಸಿವಿಲ್ ಓದಿ ಸ್ವಲ್ಪ ವರ್ಷ ರಸ್ತೆ ಕೆಲಸ ಮಾಡಿ ಈಗ ಅಡಿಕೆ ಸುಲಿಸ್ತಾ ಇರೋನು, ಎರಡಾಳೆತ್ತರದ ಕಡಿದ ಧರೆ ಕೆಳಗೆ ಎಂಟಡಿ ಬಿಟ್ಟು ಕಟ್ಟಡ, ಅದನ್ನ ಕಾಳಜಿ ಕೇಂದ್ರ ಅಂತ ಲಿಸ್ಟ್ ಮಾಡಿದ್ದಾರೆ ಅಂದ್ರೆ, ಮನೆ ಕುಸಿಯುತ್ತೆ ಅಂತ ಓಡಿ ಬಂದೋರನ್ನ ಕರ್ಕೊಂಡೋಗಿ ಇನ್ನೊಂದು ಧರೆ ಕೆಳಗೆ ಮಲಗಿಸಿದಂಗೆ. 2024ರ ಜುಲೈ 16ಕ್ಕೆ ಅಂಕೋಲಾ ಶಿರೂರಲ್ಲಿ ಆಗಿದ್ದು ನೆನಪಿದೆ ಅಲ್ವಾ, ಹೈವೇ ಅಗಲ ಮಾಡೋಕೆ ಕಡಿದ ಗುಡ್ಡ, ಕೆಳಗೆ ಚಾ ಅಂಗಡಿ, ಎಲ್ಲಾ ಗಂಗಾವಳಿ ಹೊಳೆ ಪಾಲಾಯ್ತು. ಗುಡ್ಡ ತನ್ನಷ್ಟಕ್ಕೆ ತಾನು ನಿಂತಿದ್ದಾಗ ಸಾವಿರ ವರ್ಷ ನಿಲ್ಲುತ್ತೆ, ಬುಡ ಕಡಿದ್ರೆ ಅದಕ್ಕೆ ಊರುಗೋಲು ಕಿತ್ಕೊಂಡಂಗೆ.

ಎಂತ ನೋಡ್ಬೇಕು ಅಂದ್ರೆ, ಧರೆ ತಲೆ ಮೇಲೆ ಹತ್ತಿ ಹೋಗಿ ಅಂಚಿಗೆ ಸಮನಾಗಿ ಬಿರುಕು ಬಂದಿದ್ಯಾ ನೋಡಿ. ಬಂದಿದ್ರೆ ಎರಡೂ ಬದಿಗೆ ಗೂಟ ಹೊಡೆದು ನಡುವೆ ಎಷ್ಟು ಅಂತರ ಅಂತ ಅಳತೆ ಬರೆದಿಡಿ, ವಾರಕ್ಕೊಂದ್ಸಲ ನೋಡಿ. ಮರ ಬಗ್ಗಿದೆ ಅಂದ್ರಿ, ಅದು ಮೊದಲಿಂದ ಹಂಗೇ ಇತ್ತಾ ಈಚೆಗೆ ಬಗ್ಗಿದ್ದಾ ವಯಸ್ಸಾದೋರನ್ನ ಕೇಳಿ. ಬುಡದಲ್ಲಿ ಮಳೆಗಾಲಕ್ಕೆ ಜಲ ಒಸರುತ್ತಲ್ಲ, ತಿಳಿ ನೀರು ಬರ್ತಿದ್ರೆ ಪರವಾಗಿಲ್ಲ, ಅದು ಇದ್ದಕ್ಕಿದ್ದಂಗೆ ಕೆಂಪಾದ್ರೆ ಅಥವಾ ಬರ್ತಿದ್ದ ನೀರು ಜೋರು ಮಳೇಲೇ ನಿಂತು ಹೋದ್ರೆ ಒಂದು ನಿಮಿಷ ಯೋಚನೆ ಮಾಡ್ಬೇಡಿ, ಒಳಗಿರೋರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ. ಎಲ್ಲಿಗೆ ಅಂತ ಮೊದಲೇ ಗೊತ್ತಿರ್ಬೇಕು, ಅದೇ ನಿಮ್ಮ ಅಸೆಂಬ್ಲಿ ಪಾಯಿಂಟು. ಮುಂದೆ ಹಳ್ಳ ಇದೆ ಅಂತೀರಿ, ಹಂಗಾದ್ರೆ ಭವನದ ಅಂಗಳ ಬೇಡ. ಧರೆಯಿಂದಲೂ ದೂರ, ಹಳ್ಳದಿಂದಲೂ ಎತ್ತರ, ಲೈನ್ ಕಂಬದ ಕೆಳಗೂ ಅಲ್ಲ, ಅಂಥದ್ದು ಶಾಲೆ ಮೈದಾನ ಇರ್ಬಹುದು.

ಇನ್ನು ಮಳೆ ಲೆಕ್ಕ. ಹವಾಮಾನ ಇಲಾಖೆ 24 ಗಂಟೇಲಿ 64.5 ಮಿಮೀ ದಾಟಿದ್ರೆ ಭಾರಿ, 115.6 ದಾಟಿದ್ರೆ ಅತಿ ಭಾರಿ, 204.4 ದಾಟಿದ್ರೆ ಅತ್ಯಂತ ಭಾರಿ ಅನ್ನುತ್ತೆ. ವರ್ಷಕ್ಕೆ 7 ಸಾವಿರ ಮಿಮೀ ಹೊಯ್ಯೋ ಆಗುಂಬೆ ಕಡೆಯೋರಿಗೆ ಭಾರಿ ಅನ್ನೋದು ಜುಲೈನ ಒಂದು ಮಾಮೂಲು ಮಂಗಳವಾರ. ಧರೆಗೆ ಒಂದು ದಿನದ ಮಳೆಗಿಂತ ಬಿಡದೆ ನಾಲ್ಕೈದು ದಿನ ಹೊಯ್ದು ಮಣ್ಣು ನೀರು ಕುಡಿದು ಭಾರ ಆದಮೇಲೆ ಬರೋ ಒಂದು ಜೋರು ಹೊಡೆತ ಇದೆಯಲ್ಲ, ಅದೇ ಅಪಾಯ. ನಿಮ್ಮೂರಲ್ಲಿ ಮಳೆ ಡೈರಿ ಬರೆಯೋ ತೋಟದೋರು ಒಬ್ಬರಾದ್ರೂ ಇದ್ದೇ ಇರ್ತಾರೆ, ನಮ್ಮಲ್ಲಿ ಅದೊಂದು ಚಟ. ಅವರನ್ನ ಪ್ಲಾನಿಗೆ ಸೇರಿಸ್ಕೊಳ್ಳಿ, ಪುನರ್ವಸು ಪುಷ್ಯದಲ್ಲಿ ದಿನಾ ಬೆಳಿಗ್ಗೆ ಮಳೆ ಎಷ್ಟು ಅಂತ ನಿಮಗೆ ಮೆಸೇಜ್ ಹಾಕ್ಲಿ. ಧರೆ ತಲೆ ಮೇಲೆ ನೀರು ಒಳಗಿಳಿಯದಂಗೆ ಒಂದು ಚರಂಡಿ ಹೊಡೆದು ಪಕ್ಕಕ್ಕೆ ತಿರುಗಿಸಿದ್ರೆ ಅರ್ಧ ಕೆಲಸ ಆದಂಗೆ, ಅದಕ್ಕೆ ನಾಲ್ಕು ಆಳು ಎರಡು ದಿನ ಸಾಕು.

ಚಾಕಣೆ:

ಎಲ್ಲಾ ಸರಿ, ಪ್ಲಾನಲ್ಲಿ ಕಾಫಿ ಅವಲಕ್ಕಿ ಯಾರದ್ದು ಅಂತ ಬರ್ದಿಲ್ವಲ್ಲ ಮಾರಾಯ್ರೆ. ಅದಿಲ್ದೆ ನಮ್ಮೂರಲ್ಲಿ ಮೀಟಿಂಗೇ ಆಗಲ್ಲ, ವಿಪತ್ತು ಎಲ್ಲಿಂದ ಆಗುತ್ತೆ.

ತೇಗದಹಲಗೆ:

ಮೇಡಂ ತಪ್ಪು ತಿಳ್ಕೋಬೇಡಿ, ನಾನೂ ಆಫೀಸಲ್ಲಿ ಇರೋನೇ, ಇದೆಲ್ಲ ಯಾರೂ ಓದಲ್ಲ. ಆ 40 ಪೇಜಲ್ಲಿ ಲಿಫ್ಟ್ ಅನ್ನೋ ಕಡೆ ಮೆಟ್ಟಿಲು ಅಂತ ಬದಲಾಯಿಸಿ, ಊರ ಹೆಸರು ಹಾಕಿ ಸೀಲ್ ಒತ್ತಿ ಕೊಡಿ. ಕೇಳಿದ್ದು ಫೈಲು, ಕೊಟ್ಟಿದ್ದು ಫೈಲು. ಜಾಸ್ತಿ ಬರೆದ್ರೆ ನಾಳೆ ಏನಾದ್ರೂ ಆದಾಗ ನಿಮ್ಮನ್ನೇ ಹಿಡ್ಕೊಳ್ತಾರೆ.

ಮೂರನೇಬೆಂಚು:

ಮೇಲಿನ ಮಾತು ಓದಿ ಸಿಟ್ಟು ಬಂತು, ಆದ್ರೂ ಸಮಾಧಾನದಲ್ಲೇ ಹೇಳ್ತೀನಿ. ನಾನು ಶಿವಮೊಗ್ಗದಲ್ಲಿ ಮೇಷ್ಟ್ರು. ತುಂಗೆ ಏರಿ ಕೋರ್ಪಲಯ್ಯನ ಛತ್ರದ ಹತ್ರದ ಮಂಟಪ ಮುಳುಗ್ತು ಅಂದ್ರೆ ನಮಗೆಲ್ಲ ಅದೊಂದು ಹಬ್ಬ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಸೇತುವೆ ಮೇಲೆ ನಿಂತು ನೋಡ್ತಿದ್ವಿ. ಮೇಲಿರೋ ಗಾಜನೂರು ಡ್ಯಾಮು ಸಣ್ಣದು, ಮುಂಗಾರಿನ ಶುರುವಲ್ಲೇ ತುಂಬಿ ಬಿಡುತ್ತೆ, ಆಮೇಲೆ ಬಂದ ನೀರನ್ನೆಲ್ಲ ಬಿಡದೆ ಬೇರೆ ದಾರಿ ಇಲ್ಲ. 2019ರ ಆಗಸ್ಟಲ್ಲಿ ಆಶ್ಲೇಷ ಮಳೆಗೆ ಅದೇ ನೀರು ಊರೊಳಗೆ ಬಂದಾಗ ನಮ್ಮ ಶಾಲೇಲಿ ಜನರನ್ನ ಇಳಿಸಿದ್ರು. ಕಾಳಜಿ ಕೇಂದ್ರಕ್ಕೆ ಆಗ ಇನ್ನೂ ಗಂಜಿ ಕೇಂದ್ರ ಅಂತಾನೇ ಬಾಯಲ್ಲಿತ್ತು. ನಮ್ಮ ಶಾಲೆಗೂ ಒಂದು ಪ್ಲಾನ್ ಇತ್ತು ಸ್ವಾಮಿ, ಸೀಲೂ ಇತ್ತು. ಅದು ಹೆಡ್ ಮಾಸ್ಟರ್ ರೂಮಿನ ಬೀರುವಲ್ಲಿತ್ತು, ಬೀರು ಕೆಳಗಿನ ಖಾನೆಗೆ ನೀರು ನುಗ್ಗಿತ್ತು, ಪ್ಲಾನೇ ಮೊದಲು ಮುಳುಗಿದ್ದು.

ಅಕ್ಕ, ನಿಮ್ಮ 200ರ ಲೆಕ್ಕ ನೋಡೋಣ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡದ ಪ್ರಕಾರ ಪರಿಹಾರ ಕೇಂದ್ರದಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಸೂರು ಬೇಕು. ನಿಮ್ಮ ಹಾಲು 1800 ಚದರಡಿ, ಮೀಟರಲ್ಲಿ 167 ಚಿಲ್ಲರೆ. ಭಾಗಿಸಿದ್ರೆ 47 ಜನ. ಇನ್ನೂರು ಜನ ಕೂತು ಹೋಳಿಗೆ ಊಟ ಮಾಡ್ಬಹುದು, ಇನ್ನೂರು ಜನ ಮೂರು ರಾತ್ರಿ ಮಲಗೋಕೆ ಆಗಲ್ಲ. ಟಾಯ್ಲೆಟ್ 30 ಜನಕ್ಕೆ ಒಂದು ಅಂತಿದೆ, ಕುಡಿಯೋ ನೀರು ದಿನಕ್ಕೆ ಒಬ್ಬರಿಗೆ ಕನಿಷ್ಠ 3 ಲೀಟರ್, ದೊಡ್ಡೋರಿಗೆ 2400 ಕ್ಯಾಲರಿ ಊಟ. ಈ ನಂಬರ್ ಹಾಕಿ ತಹಸೀಲ್ದಾರರಿಗೆ ಬರೀರಿ, ಇದು 47 ಜನದ ಕಟ್ಟಡ, ಹಿಂದೆ ಧರೆ ಇದೆ, ಬದಲಿ ಜಾಗ ತೋರಿಸಿ ಅಂತ. ಬಾಯಿ ಮಾತಲ್ಲಿ ಹೇಳಿದ್ರೆ ನಗ್ತಾರೆ, ಭಾಗಾಕಾರ ಮಾಡಿ ತೋರಿಸಿದ್ರೆ ನಗೋಕೆ ಆಗಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡೀಸಿ ಸಾಹೇಬ್ರೇ ಅಧ್ಯಕ್ಷರು, ಬೇಕಾದ್ರೆ ಅವರಿಗೂ ಒಂದು ಪ್ರತಿ ಹಾಕಿ.

ಪುಸ್ತಕದಲ್ಲಿ ಇಲ್ದೇ ಇರೋದು ಸ್ವಲ್ಪ ಹೇಳ್ತೀನಿ. ಮೊದಲ ರಾತ್ರಿ ಯಾರೂ ಊಟ ಕೇಳಲ್ಲ, ಒಣ ಬಟ್ಟೆ ಕೇಳ್ತಾರೆ. ಎರಡನೇದು ಮಾತ್ರೆ, ಬಿಪಿದು ಶುಗರಿಂದು, ಹೆಸರು ಯಾರಿಗೂ ನೆನಪಿರಲ್ಲ, ಬಿಳೀದು ಸಣ್ಣದು ಅಂತಾರೆ. ಆಶಾ ಕಾರ್ಯಕರ್ತೆಯರ ಹತ್ರ ಊರಲ್ಲಿ ಯಾರು ಯಾವ ಮಾತ್ರೆ ತಗೊಳ್ತಾರೆ, ಯಾರು ಬಸುರಿ, ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನೋ ಲೆಕ್ಕ ತಲೇಲೇ ಇರುತ್ತೆ, ಮಳೆಗಾಲದ ಮೊದಲು ಅವರ ಜೊತೆ ಕೂತು ಬರ್ಕೊಳ್ಳಿ. ಹೆಂಗಸರಿಗೆ ಬಟ್ಟೆ ಬದಲಾಯಿಸೋಕೆ ಒಂದು ಮರೆ ಬೇಕು, ನಮ್ಮಲ್ಲಿ ಬ್ಲಾಕ್‌ಬೋರ್ಡ್ ಅಡ್ಡ ಇಟ್ಟು ಸೀರೆ ಕಟ್ಟಿದ್ವಿ. ದನ ಬಿಟ್ಟು ಬರಲ್ಲ ಅಂತ ಕೂತೋರನ್ನ ಎಬ್ಬಿಸೋದು ಹೊಳೆ ತಿರುಗಿಸೋದಕ್ಕಿಂತ ಕಷ್ಟ, ದನಕ್ಕೂ ಒಂದು ಜಾಗ ಗುರುತು ಮಾಡಿದ್ರೆ ಅವರು ತಾವಾಗೇ ಬರ್ತಾರೆ. ಬಂದೋರ ಹೆಸರು, ಹೋದೋರ ಹೆಸರು ಎರಡೂ ಬರೀಬೇಕು. ನಮ್ಮಲ್ಲಿ ಬಂದೋರದ್ದು ಮಾತ್ರ ಬರೆದಿದ್ವಿ, ಒಬ್ಬ ಹುಡುಗ ಅತ್ತೆ ಮನೆಗೆ ಹೋಗಿದ್ದಾನೆ ಅಂತ ಗೊತ್ತಾಗದೆ ಎರಡು ಗಂಟೆ ಹೊಳೆ ದಂಡೆ ಹುಡುಕಿದ್ದೀವಿ.

ಹಾವಿನ ಪ್ರಶ್ನೆ ಕೇಳಿದ್ರಿ. ನೀರು ಏರಿದಾಗ ಅವೂ ಒಣ ಜಾಗ ಹುಡುಕ್ತಾವೆ, ಹಾಸಿಗೆ ಸುತ್ತಿಟ್ಟ ಮೂಲೆಗೇ ಬರೋದು. ಟಾರ್ಚ್ ಇಲ್ದೆ ಯಾರೂ ಟಾಯ್ಲೆಟಿಗೆ ಹೋಗಬಾರದು ಅಂತ ನಿಯಮ ಮಾಡಿ. ಕಚ್ಚಿದ್ರೆ ಕಟ್ಟೋದು, ಕೊಯ್ಯೋದು, ಹೀರೋದು ಏನೂ ಬೇಡ, ಕಚ್ಚಿದ ಕೈಯೋ ಕಾಲೋ ಅಲ್ಲಾಡದಂಗೆ ಹಲಗೆ ಕಟ್ಟಿ ಆಸ್ಪತ್ರೆಗೆ. ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ. ಯಾವ ಆಸ್ಪತ್ರೇಲಿ ಹಾವಿನ ಇಂಜೆಕ್ಷನ್ ಸ್ಟಾಕ್ ಇದೆ ಅಂತ ಜೂನಲ್ಲೇ ಫೋನ್ ಮಾಡಿ ಕೇಳಿಟ್ಕೊಳ್ಳಿ.

ಇಂಬಳದಕ್ಕ:

ಎಲ್ರಿಗೂ ಥ್ಯಾಂಕ್ಸ್. 47ರ ಲೆಕ್ಕ ಪಿಡಿಒ ಸಾರ್‌ಗೆ ತೋರಿಸ್ದೆ, ಕ್ಯಾಲ್ಕುಲೇಟರಲ್ಲಿ ಎರಡು ಸಲ ಒತ್ತಿ ನೋಡಿದ್ರು, ಆಮೇಲೆ ಸುಮ್ನಾದ್ರು, ಪತ್ರಕ್ಕೆ ಸೈನ್ ಹಾಕಿದ್ದಾರೆ. ಆದ್ರೆ ಬೀಗದ ವಿಷಯಕ್ಕೆ ಗಲಾಟೆ. ಭವನದಲ್ಲಿ ಹಂಡೆ ಕೊಪ್ಪರಿಗೆ ಮೈಕ್ ಸೆಟ್ ಎಲ್ಲಾ ಇದೆ, ಬೀಗ ಇಲ್ದಿದ್ರೆ ಕಳ್ಳತನ ಆದ್ರೆ ಯಾರು ಜವಾಬ್ದಾರಿ ಅಂತ ಕಮಿಟಿಯೋರು. ಕೀ ಇರೋ ಅಣ್ಣ ಅಂತೂ ಇಪ್ಪತ್ತು ವರ್ಷದಿಂದ ಕೀ ನನ್ನ ಸೊಂಟದಲ್ಲಿದೆ, ಈಗ ನಂಬಿಕೆ ಇಲ್ವಾ ಅಂತ ಮುಖ ಊದಿಸ್ಕೊಂಡಿದ್ದಾರೆ. ಇದಕ್ಕೆಂತ ಮಾಡೋದು? ಇನ್ನೊಂದು, ಮೇಲಿನ ಸ್ಟೋರ್ ರೂಮಿನ ಹಳೇ ರಿಜಿಸ್ಟರ್ ಬಗ್ಗೆ ಯಾರೂ ಹೇಳ್ಲಿಲ್ಲ, ಶೀಟು ಹಾರಿದ್ರೆ ಅಷ್ಟೂ ಒದ್ದೆ.

ಕೆಂಪುಗಾಡಿ:

ಕಳ್ಳ ಬರೋದು ಒಳಗೆ ಜನ ಇಲ್ದಾಗ. ಜನ ಒಳಗಿದ್ದಾಗ ಬೀಗ ಯಾಕೆ ಬೇಕು? ಅಷ್ಟೇ ನಿಯಮ. ಒಳಗೆ ಒಬ್ಬ ಮನುಷ್ಯ ಇದ್ರೂ ಗೇಟು ಪೂರ್ತಿ ತೆರೆದು, ಬೀಗ ಸರಪಳಿ ಸಮೇತ ಬಿಚ್ಚಿ ಆಫೀಸಿನ ಮೊಳೆಗೆ ನೇತು ಹಾಕೋದು. ದನ ಬರ್ತಾವೆ ಅಂದ್ರೆ ಅಡ್ಡ ಒಂದು ಬಿದಿರು ದಬ್ಬೆ ಇಟ್ಕೊಳ್ಳಿ, ಒದ್ದರೆ ಬೀಳೋವಂಥದ್ದು. ಸೈಡ್ ಬಾಗಿಲಿಗೆ ಒಳಗಿಂದ ತಳ್ಳಿದ್ರೆ ತೆರೆಯೋ ಪುಶ್ ಬಾರ್ ಸಿಗುತ್ತೆ, ದುಡ್ಡಿದ್ದಾಗ ಹಾಕ್ಸಿ, ಹೊರಗಿಂದ ಯಾರೂ ತೆಗೆಯೋಕಾಗಲ್ಲ, ಕಮಿಟಿಯೋರಿಗೂ ನೆಮ್ಮದಿ. ಅಲ್ಲೀವರೆಗೆ ಅಗಳಿ ಸಾಕು.

ಕೀ ಅಣ್ಣನ್ನ ಬೇಜಾರು ಮಾಡ್ಬೇಡಿ, ಅಂಥೋರೇ ಬೇಕು. ಪ್ಲಾನಲ್ಲಿ ಅವರ ಹೆಸರೇ ಮೊದಲು ಬರೀರಿ, ದ್ವಾರದ ಜವಾಬ್ದಾರಿ ಇವರದ್ದು ಅಂತ. ಕೆಳಗೆ ಇವರಿಲ್ದಾಗ ಯಾರು, ಅವರೂ ಇಲ್ದಾಗ ಯಾರು ಅಂತ ಇನ್ನೆರಡು ಹೆಸರು, ಮೂವರ ಹತ್ರಾನೂ ಕೀ. ಮೂವರೂ ಒಂದೇ ಮನೆಯೋರಾಗಬಾರದು, ಒಂದೇ ಮದುವೆಗೆ ಮೂವರೂ ಹೋಗಿರ್ತಾರೆ. ಹಾಲ್ ಬುಕ್ ಮಾಡೋ ರಸೀದಿ ಹಿಂದೆ ಈ ನಿಯಮ ಅಚ್ಚು ಹಾಕ್ಸಿ, ಸಿಲಿಂಡರಿಂದೂ ಜನರೇಟರಿಂದೂ ಸೇರಿಸಿ, ಪಾಲಿಸದೇ ಇದ್ರೆ ಡಿಪಾಸಿಟ್ ವಾಪಸಿಲ್ಲ ಅಂತ. ಕಾನೂನಿಗೆ ಹೆದರದೋರೂ ಡಿಪಾಸಿಟಿಗೆ ಹೆದರ್ತಾರೆ.

ಬೂಷ್ಟುಪುಸ್ತಕ:

ರಿಜಿಸ್ಟರ್ ವಿಷಯಕ್ಕೆ ನಾನು ಹೇಳಬಲ್ಲೆ, ಹಳೇ ಪುಸ್ತಕದ ಹುಚ್ಚು ನಂಗೆ. ಕಬ್ಬಿಣದ ರ್‍ಯಾಕ್ ನೆಲದಿಂದ ಅರ್ಧ ಅಡಿ ಎತ್ತರ, ಗೋಡೆಯಿಂದ ನಾಲ್ಕು ಬೆರಳು ದೂರ ಇರ್ಲಿ. ಪೂರ್ತಿ ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಬೇಡಿ, ನಮ್ಮ ಹವಾಮಾನದಲ್ಲಿ ಒಳಗೇ ಬೆವರುತ್ತೆ, ರ್‍ಯಾಕ್ ಮೇಲಿಂದ ಟಾರ್ಪಾಲು ಇಳಿಬಿಟ್ರೆ ಸಾಕು. ಒದ್ದೆ ಆಗಿಹೋದ್ರೆ ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತೆ, ಅಷ್ಟರೊಳಗೆ ಕೈ ಹಾಕ್ಬೇಕು. ಅಂಟಿದ ಹಾಳೆ ಬಿಡಿಸೋಕೆ ಹೋಗ್ಬೇಡಿ, ಪುಸ್ತಕ ನಿಲ್ಲಿಸಿಟ್ಟು ಫ್ಯಾನ್ ಹಾಕಿ, ಅಲ್ಲಲ್ಲಿ ಪೇಪರ್ ತೂರಿಸಿ, ಅದು ನೀರು ಹೀರಿದ ಹಾಗೆ ಬದಲಾಯಿಸ್ತಾ ಹೋಗಿ. ಬಿಸಿಲಿಗೂ ಬೇಡ, ಒಲೆ ಮೇಲಿನ ಅಟ್ಟಕ್ಕಂತೂ ಬೇಡವೇ ಬೇಡ, ಅದು ಅಡಿಕೆ ಅಲ್ಲ. ತುಂಬಾ ಇದ್ದು ಒಂದೇ ಸಲ ಆಗಲ್ಲ ಅಂದ್ರೆ ಕವರಲ್ಲಿ ಹಾಕಿ ಐಸ್‌ಕ್ರೀಂ ಅಂಗಡಿ ಡೀಪ್ ಫ್ರೀಜರಲ್ಲಿಡಿ, ನಗಬೇಡಿ, ಹೆಪ್ಪುಗಟ್ಟಿದ್ರೆ ಬೂಷ್ಟು ಬೆಳೆಯಲ್ಲ, ಆಮೇಲೆ ನಿಧಾನಕ್ಕೆ ನಾಲ್ಕು ನಾಲ್ಕೇ ತೆಗೆದು ಒಣಗಿಸಬಹುದು. ಮತ್ತೆ ಯಾವ ಹತ್ತು ರಿಜಿಸ್ಟರ್ ಮೊದಲು ಉಳಿಸ್ಬೇಕು ಅಂತ ಈಗ್ಲೇ ಗುರುತು ಮಾಡಿ ಬೆನ್ನಿಗೆ ಕೆಂಪು ಟೇಪ್ ಹಚ್ಚಿ.

ಚಾಕಣೆ:

ತಮಾಷೆ ಮಾಡಿದ್ದಕ್ಕೆ ಬೈಸ್ಕೊಂಡೆ, ಈಗ ಸೀರಿಯಸ್ಸಾಗಿ ಒಂದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ರದ ಹುಣಸೋಡಿನ ಕಲ್ಲು ಕ್ವಾರಿ ಹತ್ರ ಸ್ಫೋಟಕ ಸಿಡಿದಾಗ ನಾನು ಶಿವಮೊಗ್ಗದಲ್ಲೇ ಇದ್ದೆ. ಭೂಕಂಪ ಅಂತ್ಲೇ ಎಲ್ಲಾ ಬೀದಿಗೆ ಬಂದಿದ್ದು. ಒಬ್ಬರಿಗೂ ಏನಾಗಿದೆ ಅಂತ ಗೊತ್ತಿಲ್ಲ, ಕೈಲಿ ಫೋನು, ಒಂದೊಂದು ವಾಟ್ಸಾಪ್ ಗ್ರೂಪಲ್ಲಿ ಒಂದೊಂದು ಕಥೆ. ಅದಕ್ಕೇ ಹೇಳೋದು, ಪ್ಲಾನಲ್ಲಿ ಸುದ್ದಿ ಹೇಳೋನು ಒಬ್ಬನೇ ಇರ್ಲಿ. ಮತ್ತೆ ಮಳೆಗಾಲದಲ್ಲಿ ಕರೆಂಟು ಹೋಗಿ ಎರಡನೇ ದಿನಕ್ಕೆ ಟವರ್ ಬ್ಯಾಟರಿ ಸತ್ರೆ ನೆಟ್‌ವರ್ಕೂ ಇಲ್ಲ, ಆಗ 112ಉ ಇಲ್ಲ, ಜಿಲ್ಲಾ ವಿಪತ್ತು ಸಹಾಯವಾಣಿ 1077ಉ ಇಲ್ಲ, ಕರೆಂಟಿನೋರ 1912ಉ ಇಲ್ಲ. ಯಾವ ಗುಡ್ಡ ಹತ್ತಿದ್ರೆ ಸಿಗ್ನಲ್ ಸಿಗುತ್ತೆ, ಬೈಕಲ್ಲಿ ಯಾರು ಹೋಗ್ತಾರೆ ಅಂತ ಬರೆದಿಡಿ.

ಇಂಬಳದಕ್ಕ:

ಅಪ್‌ಡೇಟ್ ಹಾಕ್ತೀನಿ ಅಂದಿದ್ದೆ. ಫೈಲು ಒಂಬತ್ತು ಪೇಜಿಗೆ ಮುಗೀತು, ಮೇಲೆ ಕಳಿಸಿಯಾಯ್ತು. ಅದರಿಂದ ಒಂದೇ ಒಂದು ಹಾಳೆ ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಮಿನೇಷನ್ ಮಾಡ್ಸಿ ಮುಂಬಾಗಿಲ ಪಕ್ಕ ಹಾಕಿದ್ದೀನಿ, ಕೀ ಮೂರು ಜನದ್ದು, ಮೈನ್ ಸ್ವಿಚ್ ಎಲ್ಲಿದೆ, ಶಾಲೆ ಮೈದಾನಕ್ಕೆ ಹೋಗಿ ಅಂತ ಬಾಣ, ಫೋನ್ ನಂಬರ್, ಸಿಗ್ನಲ್ ಸಿಗೋ ದಿಬ್ಬ. ಕೀ ಅಣ್ಣ ತಮ್ಮ ಹೆಸರು ಮೊದಲಿದ್ದಿದ್ದು ನೋಡಿ ಫೋಟೋ ತೆಗ್ಸಿಕೊಂಡ್ರು, ಸರಪಳಿ ಅವರೇ ಬಿಚ್ಚಿದ್ರು.

ಭಾನುವಾರ ಮಹಿಳಾ ಸಂಘದ ಮೀಟಿಂಗ್ ನಡೀವಾಗ ಹೇಳ್ದೆ ಕೇಳ್ದೆ ಗಂಟೆ ಬಾರಿಸಿ ಡ್ರಿಲ್ ಮಾಡಿದ್ವಿ. 38 ಜನ ಆಚೆ ಬರೋಕೆ 11 ನಿಮಿಷ. ಐದು ನಿಮಿಷ ಚಪ್ಪಲಿ ಹುಡುಕೋದಕ್ಕೇ ಹೋಯ್ತು, ಎಲ್ಲಾ ಚಪ್ಪಲಿ ಬಾಗಿಲಲ್ಲೇ ರಾಶಿ ಬಿದ್ದಿರುತ್ತಲ್ಲ, ಕೈ ಮುರ್ಕೊಂಡಿದ್ದ ಅಜ್ಜೀನೇ ನನ್ನ ಹೊಸ ಚಪ್ಪಲಿ ಬಿಟ್ಟು ಬರಲ್ಲ ಅಂತ ಬಗ್ಗಿ ಹುಡುಕ್ತಾ ನಿಂತ್ರು, ಹಿಂದಿರೋರೆಲ್ಲ ಅವರ ಮೇಲೆ. ಈಗ ಚಪ್ಪಲಿ ಸ್ಟ್ಯಾಂಡು ಜಗಲಿ ಆ ತುದಿಗೆ ಸಾಗ್ಸಿದ್ದೀವಿ. ಇನ್ನೊಂದು, ಆವತ್ತು ಸಣ್ಣ ಮಳೆ ಇತ್ತು, ಮೇಲೆ ಲೈಬ್ರರೀಲಿ ಓದ್ತಿದ್ದ ಇಬ್ಬರು ಹುಡುಗರಿಗೆ ಶೀಟಿನ ಸದ್ದಲ್ಲಿ ಗಂಟೆ ಕೇಳಿಸ್ಲೇ ಇಲ್ಲ, ಮೀಟಿಂಗ್ ಮುಗಿದ ಮೇಲೆ ಇಳಿದು ಬಂದು ಎಲ್ಲಾ ಎಲ್ಲಿ ಹೋದ್ರು ಅಂತ ಕೇಳಿದ್ರು. ಕರೆಂಟ್ ಬೇಡದ, ಕೈಯಲ್ಲಿ ತಿರುಗಿಸೋ ಸೈರನ್ ಯಾರಾದ್ರೂ ತಗೊಂಡಿದ್ರೆ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತೆ ಹೇಳಿ.

ಧರೆ ಮೇಲೆ ಚರಂಡಿ ಆಗಿದೆ. ಬಿರುಕು ಒಂದು ಸಿಕ್ಕಿದೆ, ಗೂಟ ಹೊಡೆದಿದ್ದೀವಿ, ಮೂರು ವಾರದಿಂದ ಅಷ್ಟೇ ಇದೆ. ಅಕೇಶಿಯಾ ಕಡಿಯೋಕೆ ಪರ್ಮಿಷನ್ ಬೇಕಂತೆ, ಅರ್ಜಿ ಕೊಟ್ಟು ಬಂದಿದ್ದೀನಿ. ಕಾಳಜಿ ಕೇಂದ್ರದ ಲಿಸ್ಟಿಂದ ತೆಗೀರಿ ಅಂದಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ, ಆದ್ರೆ 200 ಅಂತಿದ್ದಿದ್ದನ್ನ 47 ಅಂತ ತಿದ್ದಿದ್ದಾರೆ.

ಅಡಿಕೆಸಿಪ್ಪೆ:

ಗೂಟದ ಅಳತೆ ಆರಿದ್ರಾ ಮಳೆ ಶುರುವಾದ ಮೇಲೆ ದಿನಾ ನೋಡಿ ಅಕ್ಕ, ವಾರಕ್ಕೊಂದ್ಸಲ ಸಾಲ್ದು. ನಂಬರ್ ಇಲ್ಲೇ ಹಾಕ್ತಾ ಇರಿ, ನಾನು ನೋಡ್ತಿರ್ತೀನಿ.